ತೀರ್ಪುಗಾರನ ಹತ್ತು ನಿಮಿಷ

1950ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 30 ವಿದ್ಯಾರ್ಥಿಗಳು ತಮ್ಮ ಪ್ರಯೋಗಗಳೊಡನೆ ಕಲೆತರು. ಅಂದು ಅಂಕುರಿಸಿದ ವಿಜ್ಞಾನ ಮೇಳಕ್ಕೆ ಇಂದು ಸುಮಾರು 60 ದೇಶಗಳಿಂದ 1500ಕ್ಕೂ ಮಿಕ್ಕು ಮಕ್ಕಳು ಬರುತ್ತಾರೆ. ಅಲ್ಲಿನ ತೀರ್ಪುಗಾರರು ಸಂಭಾವನೆಯನ್ನು ಬಯಸಿ ಬಂದವರಲ್ಲ. ಡಾಕ್ಟರೇಟ್ ಪದವಿಯೋ ಆರು ವರ್ಷಗಳ ವೃತ್ತ್ಯನುಭವವೋ ಉಳ್ಳ ಇವರು, ಮಕ್ಕಳು ಎದುರಿಗಿಲ್ಲದ ವೇಳೆಯಲ್ಲಿ ಫಲಕಗಳನ್ನೆಲ್ಲ ಓದಿಕೊಂಡು, ಮರುದಿನ ಸಂದರ್ಶನಕ್ಕೆ ತೊಡಗುತ್ತಾರೆ.

ನಮ್ಮ ದೇಶದಲ್ಲಿಯೂ 1993ರಿಂದ 10ರಿಂದ 17 ವರ್ಷದ ಮಕ್ಕಳಿಗಾಗಿ ವಿಜ್ಞಾನ ಸಮಾವೇಶ ನಡೆದುಬಂದಿದೆ. ತೀರ್ಪುಗಾರನ ಸಂಕಟ ಎಲ್ಲೆಡೆಯೂ ಒಂದೇ: ಎದುರಿಗಿರುವುದು ಮಗುವಿನ ಬುದ್ಧಿಯೋ, ತಂದೆಯ ಹಣವೋ? (ಓದುಗರಲ್ಲಿ ತಂದೆಯರಾದವರು ಮುನಿಯಬಾರದು.) ಮಿನುಗುವ ದೀಪಗಳ ಮಾದರಿಯ ಹಿಂದೆ ನಿಂತ ಬಾಲಕ ಕಂಠಪಾಠವನ್ನು ತಡೆಯಿಲ್ಲದೆ ಒಪ್ಪಿಸುತ್ತಾನೆ, "ಏಕೆ ಹೀಗಾಯಿತು?" ಎಂದೊಡನೆ ಮೇಷ್ಟರ ಮುಖ ನೋಡುತ್ತಾನೆ. ಪಕ್ಕದ ಮೇಜಿನಲ್ಲಿ ರಟ್ಟಿನ ಮೇಲೆ ಕೈಬರಹದ ಕೋಷ್ಟಕವನ್ನು ಅಂಟಿಸಿದ ಬಾಲಕಿ, "ಮೂರನೆಯ ವಾರದ ಅಳತೆ ತಪ್ಪಿತು ಸಾರ್, ಅದನ್ನೂ ಬರೆದಿದ್ದೇನೆ" ಎನ್ನುತ್ತಾಳೆ. ಬಲ್ಲ ತೀರ್ಪುಗಾರ ಆ ದಿನಚರಿಯ ಪುಸ್ತಕವನ್ನೇ ಕೈಗೆತ್ತಿಕೊಳ್ಳುತ್ತಾನೆ.

ಆದರೂ ಬಹುಮಾನ ಅವಳಿಗೇ ಎಂಬ ಭರವಸೆಯಿಲ್ಲ. ತಿಂಗಳುಗಳ ದುಡಿಮೆಗೆ ದೊರೆಯುವುದು ಹತ್ತೇ ನಿಮಿಷ. ತೀರ್ಪು ನೀಡುವವರು ಹಲವರು. ಅಂಕಪಟ್ಟಿಯನ್ನು ಒಪ್ಪಿಸಿದ ಮೇಲೆ ಕೆಲವರು ಅಂಥವಳ ಮೇಜಿಗೆ ಮರಳಿ ಬಂದು, ಅಳತೆ ಎಲ್ಲಿ ತಪ್ಪಿತೆಂಬುದನ್ನು ಅವಳೊಡನೆ ಕುಳಿತು ಹುಡುಕುವುದುಂಟು.