ಮಕ್ಕಳ ಕಣ್ಣೆದುರಿನ ತೆರೆ

ಕುಂದಲಹಳ್ಳಿಗೆ 2023ರಲ್ಲಿ ಮೆಟ್ರೋ ರೈಲು ಬಂದಿತು. ಹೆಸರಿನಲ್ಲಿ ಹಳ್ಳಿ ಉಳಿದಿದೆ. ನೆಲದ ಮೇಲೆ ಬಹುಮಹಡಿ ಮನೆಗಳು ಎದ್ದಿವೆ. ತಾಯಿತಂದೆಗಳು ಕಚೇರಿಯಿಂದ ಮರಳುವ ವೇಳೆಗೆ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ಅಲ್ಲಿಯವರೆಗೆ ಮಗುವಿಗೆ ಸಂಗಾತಿ ಯಾರು? ಅಂಗೈಯಗಲದ ಮೊಬೈಲು. ತುತ್ತು ಒಳಸೇರಲು ಅದೇ ಬೇಕು, ಅಳು ನಿಲ್ಲಲೂ ಅದೇ ಬೇಕು.

ಎಷ್ಟು ಹೊತ್ತು ನೋಡಬಹುದೆಂಬ ತಕರಾರು ಇಂದು ಎಲ್ಲ ಮನೆಗಳಲ್ಲಿಯೂ ಉಂಟು. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಉತ್ತರವನ್ನೂ ನೀಡಿದೆ: ಎರಡು ವರ್ಷ ತುಂಬದ ಕೂಸಿಗೆ ತೆರೆಯ ಸಹವಾಸವೇ ಬೇಡ, ಅಲ್ಲಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ. ಆದರೆ ಆ ಒಂದು ಗಂಟೆಯಲ್ಲಿ ನೋಡತಕ್ಕದ್ದು ಏನು ಎಂಬ ವಿಚಾರವೇ ಹಿಂದೆ ಬಿದ್ದಿದೆ.

ಕನ್ನಡದ ಮಕ್ಕಳಿಗೆಂದೇ ತೆರೆ ಬೆಳಗಿದ ಕಾಲವೊಂದಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದ ಮೂಲಕ ಟೆಲಿವಿಷನ್ ಪಾಠಗಳು ಬಂದವು. ಶಾಲಾಮಕ್ಕಳ ಕನ್ನಡ ಕಾರ್ಯಕ್ರಮಕ್ಕೆ ಮೀಸಲಾಗಿದ್ದ ಅವಧಿ ಇಪ್ಪತ್ತೆರಡೂವರೆ ನಿಮಿಷ. ಮುಗಿದರೆ ಮುಗಿಯಿತು! ಉಳಿದ ದಿನವೆಲ್ಲ ಮಗುವಿನದೇ. ಇಂದಿನ ಮೊಬೈಲಿಗೆ ಈ ಮುಕ್ತಾಯವೆಂಬುದೇ ಗೊತ್ತಿಲ್ಲ; ಒಂದು ಚಿತ್ರ ಮುಗಿಯುವ ಮೊದಲೇ ಇನ್ನೊಂದು ಬಾಗಿಲು ತಟ್ಟುತ್ತದೆ.

ಮಕ್ಕಳ ಗಮನವನ್ನು ಸೆಳೆಯುವುದೇನೂ ತಪ್ಪಲ್ಲ. 1969ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಸೆಸಮಿ ಸ್ಟ್ರೀಟ್’ ತಯಾರಕರು ಟೆಲಿವಿಷನ್ನಿನ ಪಕ್ಕದಲ್ಲಿ ಬೇರೆ ಚಿತ್ರಗಳನ್ನು ಬದಲಿಸುತ್ತ ತೋರಿಸಿ, ಮಗುವಿನ ದೃಷ್ಟಿ ಯಾವಾಗ ಅತ್ತ ಸರಿಯುತ್ತದೆಂದು ಪರೀಕ್ಷಿಸುತ್ತಿದ್ದರು. ಆದರೆ ಅವರು ಕಣ್ಣನ್ನು ಹಿಡಿದದ್ದು ಅಕ್ಷರ, ಅಂಕಿಗಳನ್ನು ಕಲಿಸಲೆಂದು. ಹಿಡಿದಿಡುವುದೇ ಗುರಿಯಾದಾಗ ಆ ವಿದ್ಯೆ ಬಲೆಯಾಗುತ್ತದೆ.

ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಅಂತಹ ಬಲೆಯನ್ನು ಬೀಸಲೇ ಇಲ್ಲ. ಎಂಬತ್ತರ ದಶಕದ ಆ ದೂರದರ್ಶನ ಧಾರಾವಾಹಿಯ ಮಾತು ಹಿಂದಿ, ಇಂಗ್ಲಿಷಾದರೂ ಮಣ್ಣು ಆಗುಂಬೆಯದು. ಮಾಸ್ಟರ್ ಮಂಜುನಾಥ್ ನಟಿಸಿದ ಸ್ವಾಮಿಯ ಬಾಳಿನಲ್ಲಿ ನಡೆಯುವುದಾದರೂ ಏನು? ಶಾಲೆಯ ಭಯ, ತಂದೆಯ ಗದರಿಕೆ, ಅಜ್ಜಿಯ ಮಡಿಲು, ಒಂದು ಕ್ರಿಕೆಟ್ ತಂಡ. ಕೊನೆಗೆ ಗೆಳೆಯ ರಾಜಂ ಮುನಿಸು ತೀರದೆಯೇ ರೈಲು ಹತ್ತಿ ಹೊರಟುಹೋಗುತ್ತಾನೆ. ಮಕ್ಕಳಿಗಾಗಿ ಎಂಬ ನೆಪದಲ್ಲಿ ಆ ದುಃಖಕ್ಕೆ ಸಕ್ಕರೆ ಬಳಿಯಲಿಲ್ಲ. ಮಗುವೂ ಅಗಲಿಕೆಯನ್ನು ಅರಿಯಬಲ್ಲದೆಂಬ ಈ ನಂಬಿಕೆಯೇ ಅದರ ಹಿರಿಮೆ.

ಹದಿಹರೆಯದವರಿಗಂತೂ ಈ ಗೌರವ ಇನ್ನೂ ಅವಶ್ಯ. ಉಪದೇಶವನ್ನು ಅವರು ದೂರದಿಂದಲೇ ಗುರುತಿಸಿಬಿಡುತ್ತಾರೆ! ಮನೆ ಬಿಟ್ಟ ಹುಡುಗರ ಕಥೆಯಾದ ಪೃಥ್ವಿ ಕೋಣನೂರರ ‘ರೈಲ್ವೇ ಚಿಲ್ಡ್ರನ್’ ನಿಲ್ದಾಣದ ಕಠೋರ ಬದುಕನ್ನು ಮರೆಮಾಚುವುದಿಲ್ಲ. ಹಿರಿಯರು ಜೊತೆಗೆ ಕುಳಿತು ನೋಡಬೇಕಾದ ಚಿತ್ರವದು.

ಕುಂದಲಹಳ್ಳಿಯ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಬಹುಶಃ ಅಭಯ ಸಿಂಹರ ‘ಗುಬ್ಬಚ್ಚಿಗಳು’. 2008ರ ಸಾಲಿನ ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಅದರಲ್ಲಿ ಇಬ್ಬರು ಮಕ್ಕಳು ನಗರದಲ್ಲಿ ಗುಬ್ಬಚ್ಚಿಯನ್ನು ಅರಸುತ್ತ ಹೊರಡುತ್ತಾರೆ. ಅದನ್ನು ನೋಡಿದ ಮಗು ಬಾಲ್ಕನಿಗೆ ಓಡಿ, ‘ಅಪ್ಪಾ, ನಮ್ಮಲ್ಲಿ ಗುಬ್ಬಚ್ಚಿ ಯಾಕಿಲ್ಲ?’ ಎಂದು ಕೇಳದಿರದು. ಆ ಹೊತ್ತಿಗೆ ಅಪ್ಪನ ಕೈಯಲ್ಲಿಯೂ ಮೊಬೈಲು ಇಲ್ಲದಿದ್ದರೆ ಸರಿ.