ಪಾದಕ್ಕೂ ಒಬ್ಬ ಪರಿಣತ ಬೇಡವೇ?

ಹಲ್ಲು ನೋವು ಬಂದರೆ ದಂತವೈದ್ಯರಲ್ಲಿಗೆ, ಕಣ್ಣು ಮಂಜಾದರೆ ಕಣ್ಣಿನ ವೈದ್ಯರಲ್ಲಿಗೆ ಹೋಗುತ್ತೇವೆ. ಅಂಗಾಲಿನಲ್ಲಿ ಆಣಿ ಬೆಳೆದರೆ? ಪಂಚನಹಳ್ಳಿಯ ಕಡೆ ತೋಟ, ಹೊಲಗಳಲ್ಲಿ ದುಡಿಯುವ ಅನೇಕರು ಮನೆಯಲ್ಲಿರುವ ಬ್ಲೇಡನ್ನೇ ಕೈಗೆತ್ತಿಕೊಳ್ಳುತ್ತಾರೆ. ಆರೋಗ್ಯವಂತರಿಗೆ ಇದರಿಂದ ನಾಲ್ಕು ದಿನದ ನೋವು ಆದೀತು, ಅಷ್ಟೆ. ಸಕ್ಕರೆ ಕಾಯಿಲೆ ಇರುವವರಿಗಾದರೋ ಇದೇ ಬ್ಲೇಡು ಕಾಲಿಗೇ ಸಂಚಕಾರ ತರಬಲ್ಲದು.

ಪಾದದ ತೊಂದರೆಗಳ ಪರೀಕ್ಷೆ ಮತ್ತು ಚಿಕಿತ್ಸೆಗೆಂದೇ ಇರುವ ವಿದ್ಯೆಗೆ ಪೋಡಿಯಾಟ್ರಿ ಎಂದು ಹೆಸರು. ಯುರೋಪಿನ ಹಲವು ದೇಶಗಳಲ್ಲಿ ಇದೊಂದು ಪ್ರತ್ಯೇಕ ವೃತ್ತಿ. ಈ ವೃತ್ತಿ ಮಾಡಲು ಅಲ್ಲಿ ಯಾವ ಅರ್ಹತೆ ಬೇಕು ಎಂದು ತಿಳಿದರೆ, ನಮ್ಮಲ್ಲಿ ಯಾವುದರ ಕೊರತೆ ಇದೆ ಎಂಬುದೂ ತಿಳಿಯುತ್ತದೆ.

ಬ್ರಿಟನ್ನಿನ ಕ್ರಮ

ಬ್ರಿಟನ್ನಿನಲ್ಲಿ 'ಪೋಡಿಯಾಟ್ರಿಸ್ಟ್' ಮತ್ತು ಅದರ ಹಳೆಯ ಹೆಸರಾದ 'ಕಿರೋಪೊಡಿಸ್ಟ್' ಎರಡಕ್ಕೂ ಕಾನೂನಿನ ರಕ್ಷಣೆ ಇದೆ. ಆರೋಗ್ಯ ವೃತ್ತಿಗಳ ಮಂಡಳಿಯಲ್ಲಿ ನೋಂದಣಿ ಮಾಡಿಸದೆ ಈ ಹೆಸರಿನ ಬೋರ್ಡು ಹಾಕಿದರೆ ಅಪರಾಧ. ನೋಂದಣಿಗೆ ಮಂಡಳಿ ಒಪ್ಪಿದ ಪದವಿ ಬೇಕು. ಇಂಗ್ಲೆಂಡಿನಲ್ಲಿ ಇದು ಸಾಮಾನ್ಯವಾಗಿ ಮೂರು ವರ್ಷ, ಸ್ಕಾಟ್‌ಲೆಂಡಿನಲ್ಲಿ ನಾಲ್ಕು ವರ್ಷ. ಪುಸ್ತಕದ ಓದಿನ ಜೊತೆಗೆ ರೋಗಿಗಳ ಪಾದ ನೋಡಿ ಕಲಿಯುವುದೂ ಕಡ್ಡಾಯ. ಎರಡು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು; ಹೊಸ ವಿಷಯಗಳನ್ನು ಕಲಿಯುತ್ತಲೇ ಇರಬೇಕು. ಹೊರದೇಶದಲ್ಲಿ ಓದಿದವರ ತರಬೇತಿ ಅಲ್ಲಿನ ಮಟ್ಟಕ್ಕೆ ಸಮವೇ ಎಂದು ಮಂಡಳಿ ಪರಿಶೀಲಿಸುತ್ತದೆ, ಇಂಗ್ಲಿಷ್ ಬಲ್ಲರೇ ಎಂದೂ ನೋಡುತ್ತದೆ. ಜರ್ಮನಿಯಲ್ಲೂ 2002ರಲ್ಲಿ ಜಾರಿಗೆ ಬಂದ ಕಾಯ್ದೆಯೊಂದು ಈ ವೃತ್ತಿಗೆ ಎರಡು ವರ್ಷದ ಪೂರ್ಣಾವಧಿ ತರಬೇತಿಯನ್ನು ನಿಗದಿಪಡಿಸಿದೆ.

ಉಗುರು ಕತ್ತರಿಸಲು, ಆಣಿ ತೆಗೆಯಲು ಇಷ್ಟೆಲ್ಲ ಓದು ಏಕೆ ಎಂದು ನಿಮಗೆ ಅನ್ನಿಸಬಹುದು. ಆಣಿ ತೆಗೆಯುವುದು ಕಷ್ಟದ ಕೆಲಸವಲ್ಲ. ಯಾರ ಪಾದವನ್ನು ಮುಟ್ಟಬಹುದು, ಯಾರ ಪಾದಕ್ಕೆ ಬ್ಲೇಡು ತಾಗಿಸಲೇಬಾರದು ಎಂದು ತಿಳಿಯುವುದು ಕಷ್ಟ. ರಕ್ತ ಚೆನ್ನಾಗಿ ಹರಿಯುತ್ತಿದೆಯೇ, ಸ್ಪರ್ಶಜ್ಞಾನ ಉಳಿದಿದೆಯೇ, ಒತ್ತಡ ಎಲ್ಲಿ ಬೀಳುತ್ತಿದೆ ಎಂದು ಮೊದಲು ನೋಡಬೇಕಾಗುತ್ತದೆ.

ನೋವಿಲ್ಲದಿರುವುದೇ ಅಪಾಯ

ಈ ತಿಳಿವಳಿಕೆಯ ಒಂದು ಬೇರು ದಕ್ಷಿಣ ಭಾರತದಲ್ಲೇ ಇದೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಡಾ. ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಸೇರಿದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿಯೇ ಉದುರುವುದಿಲ್ಲ. ನೋವು ತಿಳಿಯದ ಕಾರಣ ಪದೇಪದೇ ಗಾಯವಾಗಿ, ಸೋಂಕು ತಗುಲಿ ಸವೆದುಹೋಗುತ್ತವೆ ಎಂದು ಅವರು ತೋರಿಸಿಕೊಟ್ಟರು. ಮುಂದೆ ಅಮೆರಿಕಕ್ಕೆ ಹೋದ ಮೇಲೆ ಇದೇ ಪಾಠವನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು.

ಬಹುಕಾಲದ ಮಧುಮೇಹದಲ್ಲಿ ಪಾದದ ನರಗಳು ಹಾಳಾಗುತ್ತವೆ. ಮೊದಲು ಜೋಮು, ಉರಿ. ಕೊನೆಗೆ ಮುಳ್ಳು ಚುಚ್ಚಿದರೂ ತಿಳಿಯದು, ಚಪ್ಪಲಿ ಕಳಚಿ ಬಿದ್ದರೂ ತಿಳಿಯದು. ಆಣಿಯ ಕೆಳಗೇ ಹುಣ್ಣು ಅಡಗಿರಬಹುದು. ರಕ್ತನಾಳವೂ ಕಿರಿದಾಗಿದ್ದರೆ ಗಾಯ ಮಾಯುವುದಿಲ್ಲ. ಸೋಂಕು ಮೂಳೆಗೆ ಇಳಿದ ಮೇಲೆ ಬೆರಳನ್ನೋ ಪಾದವನ್ನೋ ತೆಗೆಯುವ ಪ್ರಸಂಗ ಬರುತ್ತದೆ. 'ನೋವೇ ಇಲ್ಲ ಡಾಕ್ಟರೇ' ಎಂದು ರೋಗಿ ಸಮಾಧಾನದಿಂದ ಹೇಳಿದಾಗ ವೈದ್ಯರಿಗೆ ಆತಂಕವಾಗುವುದು ಇದಕ್ಕೇ.

ನಮ್ಮಲ್ಲಿ ಏನಿದೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ 2021ರಲ್ಲಿ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಧುಮೇಹಿಗಳಿದ್ದರು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತನ್ನ ಪಟ್ಟಿಯಲ್ಲಿ ಪೋಡಿಯಾಟ್ರಿಸ್ಟರನ್ನೂ ಸೇರಿಸಿದೆ. ಇದು ಒಳ್ಳೆಯ ಆರಂಭ. ಬೆಂಗಳೂರಿನಲ್ಲಿ ಸರ್ಕಾರದ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪೋಡಿಯಾಟ್ರಿ ವಿಭಾಗವಿದೆ. ಆದರೆ ಕಾಯ್ದೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಹೋಬಳಿಗೊಬ್ಬ ಪಾದತಜ್ಞ ಬಂದು ಕೂರುವುದಿಲ್ಲ. ಅಲ್ಲಿಯತನಕ ನಮ್ಮ ಪಾದವನ್ನು ನಾವೇ ಕಾಯಬೇಕು. ಹತ್ತಿರದ ವೈದ್ಯರು ನೋಡಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ ಸರಳ ಪರೀಕ್ಷೆಯೊಂದಿದೆ. ರೋಗಿ ಕಣ್ಣು ಮುಚ್ಚಿ ಮಲಗಲಿ. ಮನೆಯವರು ತಮ್ಮ ತೋರುಬೆರಳಿನಿಂದ ಎರಡೂ ಕಾಲುಗಳ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು. ಮುಟ್ಟಿದ್ದು ತಿಳಿದಾಗ ರೋಗಿ ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಪಾದ ಅಪಾಯದಲ್ಲಿದೆ ಎಂದು ಅರ್ಥ. ತಡಮಾಡದೆ ವೈದ್ಯರಿಗೆ ತೋರಿಸಿ.

ಮಧುಮೇಹಿಗಳು ನೆನಪಿಡಬೇಕಾದ ಮಾತುಗಳು:

* ದಿನವೂ ಅಂಗಾಲು, ಹಿಮ್ಮಡಿ, ಬೆರಳ ಸಂದುಗಳನ್ನು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಕನ್ನಡಿ ಇಟ್ಟುಕೊಳ್ಳಿ, ಇಲ್ಲವೇ ಮನೆಯವರಿಂದ ನೋಡಿಸಿ.
* ಮನೆಯೊಳಗೂ ಬರಿಗಾಲಲ್ಲಿ ನಡೆಯಬೇಡಿ. ಚಪ್ಪಲಿ, ಬೂಟು ಮೆಟ್ಟುವ ಮೊದಲು ಕಲ್ಲು, ಮುಳ್ಳು ಇದೆಯೇ ಎಂದು ಕೈಯಿಂದ ತಡವಿ ನೋಡಿ.
* ಆಣಿಗೆ ಬ್ಲೇಡು ಬೇಡ. ಅಂಗಡಿಯಲ್ಲಿ ಸಿಗುವ ಆಣಿಯ ಪಟ್ಟಿಯೂ ಬೇಡ. ಅದರಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ.
* ಕಾಲಿಗೆ ಕಾವು ಕೊಡಬೇಡಿ, ಬಿಸಿನೀರಿನಲ್ಲಿ ಇಡಬೇಡಿ. ಬೊಬ್ಬೆ ಎದ್ದರೂ ತಿಳಿಯದು.
* ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಬಹುದು. ಬೆರಳ ಸಂದುಗಳಿಗೆ ಹಚ್ಚಬೇಡಿ, ಅವು ಒಣಗಿರಲಿ.
* ಹುಣ್ಣು, ಊತ, ಬಣ್ಣ ಬದಲಾವಣೆ, ದುರ್ವಾಸನೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಕಾಫಿಪುಡಿ ಮೆತ್ತಿ ಕಾಯಬೇಡಿ.

ಪಾದವನ್ನು ವರ್ಷಕ್ಕೊಮ್ಮೆಯಾದರೂ ವೈದ್ಯರು ಪರೀಕ್ಷಿಸಬೇಕು. ಸ್ಪರ್ಶ ಕಳೆದುಕೊಂಡವರಿಗೆ ಇನ್ನೂ ಬೇಗಬೇಗ. ಸಕ್ಕರೆ ಪರೀಕ್ಷೆಯ ಚೀಟಿ ಹಿಡಿದು ಹೋದಾಗ ಚಪ್ಪಲಿ ಕಳಚಿ, 'ಸ್ವಲ್ಪ ಕಾಲನ್ನೂ ನೋಡಿ' ಎಂದು ಕೇಳಲು ಸಂಕೋಚಪಡಬೇಡಿ.