ನೆಲೆ ತಪ್ಪಿದವರ ಹರ್ಷ: ಪ್ರಲಾಪದಿಂದ ಸ್ತುತಿಯೆಡೆಗೆ

ಮನೆ ಕಳೆದುಕೊಂಡವರಲ್ಲಿಯೂ ಗುಣವಾಗದ ವ್ಯಾಧಿಗೆ ಒಳಗಾದವರಲ್ಲಿಯೂ ಕೆಲವೊಮ್ಮೆ ಕಾಣುವ ಸ್ಥೈರ್ಯವನ್ನೂ ಹರ್ಷವನ್ನೂ ದೈವಶಾಸ್ತ್ರವು ಹೇಗೆ ಅರ್ಥೈಸಬೇಕು? ಪ್ರಬೋಧನೆಗಳಲ್ಲಿ ಈ ಹರ್ಷವು ಬೇಗನೆ ಆದರ್ಶವಾಗಿ, ಬಳಲುವವನ ಮೇಲೆ ಹೊರಿಸಿದ ಕರ್ತವ್ಯವಾಗಿ ಬಿಡುವುದುಂಟು. ಅದು ಕರ್ತವ್ಯವಲ್ಲ, ವರ. ಅದಕ್ಕೆ ಮುನ್ನ ಪ್ರಲಾಪಕ್ಕೆ ಎಡೆ ಬೇಕು.

ಮುಧೋಳ ಸೀಮೆಯ ರನ್ನ ಬೆಳಗಲಿ ಮಹಾಕವಿ ರನ್ನನ ಹುಟ್ಟೂರು. ಆತನ ‘ಗದಾಯುದ್ಧ’ದಲ್ಲಿ ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನು ರಣಭೂಮಿಯಲ್ಲಿ ನಡೆಯುತ್ತ ದ್ರೋಣ, ದುಶ್ಶಾಸನ, ಕರ್ಣರಿಗಾಗಿ ಗೋಳಿಡುತ್ತಾನೆ, ಶತ್ರುಪಕ್ಷದ ಅಭಿಮನ್ಯುವಿನ ಪರಾಕ್ರಮವನ್ನೂ ಕೊಂಡಾಡುತ್ತಾನೆ. ಆ ಅಳಲನ್ನು ಕವಿ ಅವಸರದಿಂದ ಮುಗಿಸುವುದಿಲ್ಲ. ಇದೇ ಸೀಮೆಯಲ್ಲಿ 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ನದಿತೀರದ ಹಳ್ಳಿಗಳ ಮನೆಗಳನ್ನು ಹೊಕ್ಕಿತು. ಅದಕ್ಕೂ ಹಿಂದೆ ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ, ಜನರು ನವನಗರಕ್ಕೆ ಹೋಗಬೇಕಾಯಿತು. ಹೊಸ ನಿವೇಶನ ದೊರೆತರೂ ಹಳೆಯ ಓಣಿ ದೊರೆಯದು. ಇಂಥವರ ಧೈರ್ಯವನ್ನು ಹೊಗಳುವುದು ಸುಲಭ. ಹೊಗಳಿಕೆಯೇ ಪರಿಹಾರವನ್ನು ಮುಂದೂಡುವ ನೆಪವಾಗಬಾರದು.

88ನೆಯ ಕೀರ್ತನೆ ಕತ್ತಲಲ್ಲಿಯೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ. ಸಂತ ಪೌಲರು ಫಿಲಿಪ್ಪಿಯರಿಗೆ ಹರ್ಷದ ಪತ್ರವನ್ನು ಬರೆದದ್ದು ಸೆರೆಯಿಂದ. ಅದರಲ್ಲಿ ಕಣ್ಣೀರೂ ಇದೆ, ತಮಗೆ ನೆರವು ಕಳುಹಿಸಿದವರ ಸ್ಮರಣೆಯೂ ಇದೆ.

ಅಸ್ಸಿಸಿಯ ಸಂತ ಫ್ರಾನ್ಸಿಸರ ನಿದರ್ಶನ ಇಲ್ಲಿ ಅತ್ಯಂತ ಫಲಪ್ರದ. ರೋಗದಿಂದ ಜರ್ಜರಿತರಾಗಿ, ಬಹುಮಟ್ಟಿಗೆ ದೃಷ್ಟಿ ಕಳೆದುಕೊಂಡಿದ್ದ ಅವರು 1225ರ ಸುಮಾರಿಗೆ ಸೃಷ್ಟಿಸ್ತುತಿಯ ಗೀತೆಯನ್ನು ರಚಿಸಿದರು. ಮರಣ ಸಮೀಪಿಸಿದಾಗ ಮರಣವನ್ನು ಸಹೋದರಿಯೆಂದು ಕರೆಯುವ ಚರಣವನ್ನು ಸೇರಿಸಿದರು. 1226ರ ಅಕ್ಟೋಬರ್ 3ರಂದು, ತಮ್ಮ ಇಚ್ಛೆಯಂತೆ ಬರಿನೆಲದ ಮೇಲೆ ಮಲಗಿಸಿಕೊಂಡಿದ್ದ ಅವರು ಪ್ರಾಣಬಿಟ್ಟರು. ಆದರೆ ಅವರು ಬಡತನವನ್ನು ತಾವೇ ವರಿಸಿದವರು, ನೆರೆಸಂತ್ರಸ್ತರು ಹಾಗಲ್ಲ. ಈ ವ್ಯತ್ಯಾಸವನ್ನು ಮರೆತು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಡಲಾಗದು. ಇನ್ನೊಂದು ಸಂಗತಿ: ಫ್ರಾನ್ಸಿಸರು ಒಂಟಿಯಾಗಿ ಸಾಯಲಿಲ್ಲ. ಸಹೋದರರು ಸುತ್ತಲಿದ್ದರು, ರೋಮಿನ ಯಾಕೋಬಾ ಎಂಬ ಮಹಿಳೆ, ಅವರು ಬಯಸಿದ್ದ ಬಾದಾಮಿಯ ಸಿಹಿಯನ್ನು ತಂದರೆಂದು ಅವರ ಚರಿತ್ರಕಾರರು ತಿಳಿಸುತ್ತಾರೆ. ಸಾಯುವ ತಪಸ್ವಿಗೂ ಸಿಹಿಯ ಆಸೆ! ವಿರಕ್ತಿಯ ಪಾಠಗಳಲ್ಲಿ ಇದನ್ನು ಬಿಟ್ಟುಬಿಡುವುದು ಸರಿಯಲ್ಲ.

ದೇಹ, ಮನಸ್ಸು, ಸಂಬಂಧ, ಆತ್ಮ ಈ ನಾಲ್ಕರ ಸಂಕಟವನ್ನೂ ಒಂದಾಗಿ ಕಂಡು ‘ಸಮಗ್ರ ನೋವು’ ಎಂದವರು ಸಿಸಿಲಿ ಸಾಂಡರ್ಸ್. ಅವರ ಸಂತ ಕ್ರಿಸ್ಟೋಫರ್ ಶುಶ್ರೂಷಾಲಯ 1967ರಲ್ಲಿ ಲಂಡನ್ನಿನಲ್ಲಿ ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯವೂ ಉಲ್ಬಣಿಸಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಉಪಚರಿಸುತ್ತಿದೆ. ನೋವು ತಗ್ಗದ ದೇಹಕ್ಕೆ ಹರ್ಷವನ್ನು ಬೋಧಿಸುವುದು ಕ್ರೌರ್ಯಕ್ಕೆ ಸಮೀಪ. ನೋವುಶಮನಕ್ಕಾಗಿ ಮಾರ್ಫೀನ್ ಪಡೆಯುವುದನ್ನು ಸುಗಮಗೊಳಿಸಲು ಕೇಂದ್ರ ಸರ್ಕಾರ 2014ರಲ್ಲಿ ಮಾದಕವಸ್ತು ಕಾಯಿದೆಯನ್ನು ತಿದ್ದಿತು. ಹಳ್ಳಿಯ ಧರ್ಮಕೇಂದ್ರದಲ್ಲಿರುವ ಗುರುವೂ ಇದನ್ನು ಅರಿತಿರಬೇಕು.

ಆದ್ದರಿಂದ ವ್ಯಾಧಿಸ್ಥರ ಅಭ್ಯಂಗಕ್ಕೆ ಹೋದಾಗ ನಾವು ಮೊದಲು ಕೇಳಬೇಕಾದದ್ದು ಎರಡು: ರಾತ್ರಿ ನಿದ್ದೆ ಬರುತ್ತದೆಯೇ? ಮಲಗುವುದು ಯಾರ ಮನೆಯಲ್ಲಿ? ಅನಂತರ ರೋಗಿ ಮುಳುಗಿದ ಮನೆಯ ಮಾತೆತ್ತಿದರೆ, ಪ್ರಾರ್ಥನಾ ಪುಸ್ತಕವನ್ನು ತೆರೆಯದೆ ಕೇಳುತ್ತ ಕುಳಿತಿರಬೇಕು.